ಪಶ್ಚಿಮ ಜರ್ಮನಿಯ 1969ರ ಚುನಾವಣೆಯೂ ಸಂಯುಕ್ತ ಸರ್ಕಾರದ ಪಲ್ಲಟವೂ

ಚುನಾವಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಸ್ಥಾನಗಳನ್ನು ಗಳಿಸಿದ ಪಕ್ಷವೇ ಸರ್ಕಾರವನ್ನು ರಚಿಸತಕ್ಕದ್ದೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿ ಬೇರೂರಿದೆ. ಪಶ್ಚಿಮ ಜರ್ಮನಿಯಲ್ಲಿ 1969ರ ಸೆಪ್ಟೆಂಬರ್ 28ರಂದು ನಡೆದ ಮಹಾಚುನಾವಣೆ ಈ ಭಾವನೆಯನ್ನು ಒರೆಗೆ ಹಚ್ಚಲು ತಕ್ಕ ನಿದರ್ಶನವಾಗಿದೆ. ಅಲ್ಲಿ ಅಗ್ರಸ್ಥಾನ ಪಡೆದವರು ಅಧಿಕಾರ ಕಳೆದುಕೊಂಡರು. ಸೋತು ಸೊರಗಿದ್ದ ಅತಿ ಚಿಕ್ಕ ಪಕ್ಷವು ಚಾನ್ಸೆಲರ್ ಯಾರೆಂಬುದನ್ನು ನಿರ್ಧರಿಸಿತು.

1949ರಿಂದ 20 ವರ್ಷಕಾಲ ಚಾನ್ಸೆಲರ್ ಪದವಿ ಕ್ರಿಶ್ಚಿಯನ್ ಡೆಮೊಕ್ರಾಟರ ಕೈಯಲ್ಲಿಯೇ ಇದ್ದಿತು. 1966ರ ಡಿಸೆಂಬರಿನಲ್ಲಿ ಅವರು ತಮ್ಮ ಪ್ರಧಾನ ಎದುರಾಳಿಗಳಾದ ಸೋಷಿಯಲ್ ಡೆಮೊಕ್ರಾಟರೊಡನೆ ಕೂಡಿ 'ಮಹಾಮೈತ್ರಿ' ಸರ್ಕಾರವನ್ನು ಕಟ್ಟಿದರು. ಕೀಸಿಂಗರ್ ಚಾನ್ಸೆಲರಾದರು, ವಿಲ್ಲಿ ಬ್ರಾಂಟ್ ವಿದೇಶಾಂಗ ಸಚಿವರಾದರು. ವಿರೋಧಪಕ್ಷದ ಪೀಠಗಳಲ್ಲಿ ಉಳಿದವರು ಫ್ರೀ ಡೆಮೊಕ್ರಾಟರು ಮಾತ್ರ. 1969ರ ಮಾರ್ಚ್ 5ರಂದು ನಡೆದ ರಾಷ್ಟ್ರಾಧ್ಯಕ್ಷರ ಆಯ್ಕೆಯಲ್ಲಿ ಇವರು ಸೋಷಿಯಲ್ ಡೆಮೊಕ್ರಾಟ್ ಅಭ್ಯರ್ಥಿ ಹೈನಮನ್ನರನ್ನು ಬೆಂಬಲಿಸಿದರು. ಮೂರನೆಯ ಸುತ್ತಿನಲ್ಲಿ, 506ಕ್ಕೆ ಎದುರಾಗಿ 512 ಮತಗಳಿಂದ, ಹೈನಮನ್ ಗೆದ್ದರು. ಪಲ್ಲಟದ ಆರಂಭವನ್ನು ಗುರುತಿಸಬೇಕಾದುದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

ಇನ್ನು ಸೆಪ್ಟೆಂಬರಿನ ಲೆಕ್ಕ. ಕ್ರಿಶ್ಚಿಯನ್ ಡೆಮೊಕ್ರಾಟರಿಗೂ ಅವರ ಬವೇರಿಯದ ಸೋದರಪಕ್ಷಕ್ಕೂ ಸೇರಿ ಶೇಕಡಾ 46.1 ಮತಗಳೂ 242 ಸ್ಥಾನಗಳೂ ಬಂದವು. ಸೋಷಿಯಲ್ ಡೆಮೊಕ್ರಾಟರಿಗೆ ಬಂದುದು ಶೇಕಡಾ 42.7, ಸ್ಥಾನಗಳು 224. ಫ್ರೀ ಡೆಮೊಕ್ರಾಟರು 1965ರ ಶೇಕಡಾ 9.5ರಿಂದ 5.8ಕ್ಕೆ ಕುಸಿದು 30 ಸ್ಥಾನಗಳನ್ನಷ್ಟೆ ಉಳಿಸಿಕೊಂಡರು. ಪೂರ್ಣ ಮತಾಧಿಕಾರವುಳ್ಳ 496 ಸದಸ್ಯರ ಸಭೆಯಲ್ಲಿ ಬಹುಮತಕ್ಕೆ 249 ಬೇಕು. 224ಕ್ಕೆ 30 ಕೂಡಿದರೆ 254! ಆದರೆ ಈ ಎರಡು ಪಕ್ಷಗಳ ಒಟ್ಟು ಮತ ಶೇಕಡಾ 48.5 ಮಾತ್ರವೆಂಬುದನ್ನು ವಾಚಕರು ಗಮನಿಸಬೇಕು. ಅರ್ಧಕ್ಕಿಂತ ಕಡಿಮೆ ಮತಗಳಿಂದ ಅರ್ಧಕ್ಕಿಂತ ಹೆಚ್ಚು ಸ್ಥಾನಗಳು ದೊರೆತುದು ಹೇಗೆ? ಶೇಕಡಾ 5ನ್ನು ಮುಟ್ಟದ ಪಕ್ಷಕ್ಕೆ, ಅದು ಕನಿಷ್ಠ ಮೂರು ಕ್ಷೇತ್ರಗಳಲ್ಲಿ ನೇರವಾಗಿ ಗೆದ್ದಿಲ್ಲದಿದ್ದರೆ, ಸ್ಥಾನವಿಲ್ಲವೆಂಬುದು ಅಲ್ಲಿನ ನಿಯಮ. ಉಗ್ರ ರಾಷ್ಟ್ರೀಯವಾದಿ ಎನ್‌.ಪಿ.ಡಿ. ಪಕ್ಷವು ಶೇಕಡಾ 4.3ಕ್ಕೇ ನಿಂತುದರಿಂದ ಅದರ ಮತಗಳು ಹಂಚಿಕೆಯ ಲೆಕ್ಕಕ್ಕೆ ಬರಲಿಲ್ಲ. ಅದು ಗಡಿಯನ್ನು ದಾಟಿದ್ದರೆ ಬ್ರಾಂಟರಿಗೆ ಬಹುಮತವೇ ಇರುತ್ತಿರಲಿಲ್ಲ.

ಎಣಿಕೆ ಮುಗಿಯುವ ಮೊದಲೇ ಅಮೆರಿಕದ ಅಧ್ಯಕ್ಷ ನಿಕ್ಸನ್ ಕೀಸಿಂಗರರಿಗೆ ದೂರವಾಣಿಯಲ್ಲಿ ಅಭಿನಂದನೆ ತಿಳಿಸಿದರು. ಅದೇ ರಾತ್ರಿ ಬ್ರಾಂಟ್ ಫ್ರೀ ಡೆಮೊಕ್ರಾಟರ ನಾಯಕ ಷೀಲರನ್ನು ಸಂಪರ್ಕಿಸಿದರು. ಸ್ವಪಕ್ಷದಲ್ಲಿ ವೇನರ್, ಷ್ಮಿಟ್ ಮೊದಲಾದ ಹಿರಿಯರ ಒಲವು ಮಹಾಮೈತ್ರಿಯ ಕಡೆಗಿದ್ದರೂ ಅವರು ಕಾಯಲಿಲ್ಲ. ಜನರ ತೀರ್ಪನ್ನು ಕೋಣೆಯೊಳಗೆ ತಿರುಚಲಾಯಿತೆಂಬ ಆಕ್ಷೇಪ ನಮಗೆ ಒಪ್ಪಿಗೆಯಾಗುವುದಿಲ್ಲ. ಷೀಲರು ತಮ್ಮ ಒಲವನ್ನು ಮತದಾನಕ್ಕೆ ಮುಂಚೆಯೇ ಸೂಚಿಸಿದ್ದರು. ಅದಕ್ಕಾಗಿ ಮತಗಳನ್ನು ಕಳೆದುಕೊಂಡೂ ಇದ್ದರು.

ಮೂಲಶಾಸನದ 63ನೆಯ ವಿಧಿಯಂತೆ, ರಾಷ್ಟ್ರಾಧ್ಯಕ್ಷರು ಸೂಚಿಸಿದ ವ್ಯಕ್ತಿಯನ್ನು ಬುಂಡೆಸ್ಟಾಗ್ ಚರ್ಚೆಯಿಲ್ಲದೆ, ಒಟ್ಟು ಸದಸ್ಯರ ಬಹುಮತದಿಂದ ಚುನಾಯಿಸಬೇಕು. ಅಕ್ಟೋಬರ್ 21ರಂದು ಬ್ರಾಂಟರಿಗೆ ದೊರೆತವು 251 ಮತಗಳು: ಬೇಕಾದುದಕ್ಕಿಂತ ಎರಡು ಹೆಚ್ಚು, ಮೈತ್ರಿಯ ಬಲಕ್ಕಿಂತ ಮೂರು ಕಡಿಮೆ. 1930ರಲ್ಲಿ ಹರ್ಮನ್ ಮ್ಯುಲ್ಲರ್ ನಿರ್ಗಮಿಸಿದ ಬಳಿಕ ಸೋಷಿಯಲ್ ಡೆಮೊಕ್ರಾಟರೊಬ್ಬರು ಚಾನ್ಸೆಲರಾದುದು ಇದೇ ಮೊದಲು. ಷೀಲರು ವಿದೇಶಾಂಗ ಸಚಿವರಾದರು.

ಇಷ್ಟು ತೆಳುವಾದ ಬಹುಮತ ಬಾಳಿದುದಕ್ಕೆ 67ನೆಯ ವಿಧಿಯೂ ಕಾರಣ. ಉತ್ತರಾಧಿಕಾರಿಯನ್ನು ಚುನಾಯಿಸದೆ ಚಾನ್ಸೆಲರರನ್ನು ಕೆಳಗಿಳಿಸುವಂತಿಲ್ಲ. (ನಮ್ಮ ಲೋಕಸಭೆಯಲ್ಲಿ ಇಂಥ ನಿರ್ಬಂಧವಿಲ್ಲ, 1999ರ ಏಪ್ರಿಲಿನಲ್ಲಿ ಒಂದೇ ಮತದಿಂದ ಸರ್ಕಾರ ಉರುಳಿದಾಗ ಪರ್ಯಾಯ ಸರ್ಕಾರ ರೂಪುಗೊಳ್ಳಲಿಲ್ಲ.) ಪಕ್ಷಾಂತರಗಳಿಂದ ಬ್ರಾಂಟರ ಬಹುಮತ ಕರಗಿದ ಮೇಲೆ, 1972ರ ಏಪ್ರಿಲ್ 27ರಂದು ವಿರೋಧಿಗಳು ಬಾರ್ಟ್ಸೆಲ್ಲರನ್ನು ಮುಂದಿಟ್ಟರು, 249ರ ಬದಲು 247 ಮತಗಳಷ್ಟೇ ಬಂದವು. ಹತ್ತು ವರ್ಷಗಳ ತರುವಾಯ ಅದೇ ಫ್ರೀ ಡೆಮೊಕ್ರಾಟರು ಪಕ್ಕ ಬದಲಿಸಿದರು. 1982ರ ಅಕ್ಟೋಬರ್ 1ರಂದು ಅದೇ ವಿಧಿಯ ಮೂಲಕ ಷ್ಮಿಟ್ಟರು ಇಳಿದು ಕೋಲ್ ಚಾನ್ಸೆಲರಾದರು. ಮತದಾರರ ಸರದಿ ಬಂದುದು ಮರುವರ್ಷದ ಮಾರ್ಚಿನಲ್ಲಿ.