ನೊರೆಯೇ ಜರಡಿ

ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳನ್ನು ದಾಟಿ ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಮಳೆಗಾಲದಲ್ಲಿ ಈ ಸೀಮೆಯ ಹಳ್ಳಗಳ ತಿರುವಿನಲ್ಲಿ ಕಂದು ನೊರೆ ನಿಂತಿರುವುದನ್ನು ನೀವು ನೋಡಿರಬೇಕು. ಯಾರೋ ಬಟ್ಟೆ ಒಗೆದರೆಂದುಕೊಂಡಿರಾ? ಕಾಡಿನ ಹಳ್ಳದಲ್ಲಿ ಅದು ಸಾಮಾನ್ಯವಾಗಿ ಕೊಳೆತ ತರಗೆಲೆಯ ಸಾರ.

ಪ್ರೋಟೀನಿನಂಥ ಅಣುಗಳ ಒಂದು ಭಾಗಕ್ಕೆ ನೀರು ಹಿಡಿಸುತ್ತದೆ, ಇನ್ನೊಂದು ಭಾಗಕ್ಕೆ ಆಗದು. ಗಾಳಿಗುಳ್ಳೆ ಸಿಕ್ಕೊಡನೆ ಅದರ ಮೈಗೆ ಅಂಟಿ ಮೇಲೇರುತ್ತವೆ. ಹವಳ ಸಾಕುವ ಉಪ್ಪುನೀರಿನ ತೊಟ್ಟಿಯಲ್ಲಿ ‘ಪ್ರೋಟೀನ್ ಸ್ಕಿಮ್ಮರ್’ ಮಾಡುವುದೂ ಇಷ್ಟೇ: ಕೊಳವೆಯೊಳಗೆ ಸಣ್ಣ ಗುಳ್ಳೆಗಳನ್ನೆಬ್ಬಿಸಿ, ಕೊಳೆ ಹೊತ್ತ ನೊರೆಯನ್ನು ಮೇಲಿನ ಬಟ್ಟಲಿಗೆ ತಳ್ಳುವುದು. ಕೊಳೆ ಅಮೋನಿಯಾ ಆಗಿ ಮೀನನ್ನು ಕೊಲ್ಲುವ ಮೊದಲೇ ಹೊರಗೆ!

ಆರಿಸುವಾಗ ಪೆಟ್ಟಿಗೆಯ ಮೇಲಿನ ಲೀಟರ್ ಲೆಕ್ಕವೊಂದನ್ನೇ ನಂಬಬೇಡಿ. ಮೀನು ಹೆಚ್ಚಿದ್ದರೆ ಅದು ಸಾಲದು. ತೊಟ್ಟಿಯ ಕೆಳಗಿನ ಸಂಪಿನಲ್ಲಿ ನೀರು ಎಷ್ಟು ಆಳ ನಿಲ್ಲುತ್ತದೆಂದು ಅಳೆಯಿರಿ. ಯಂತ್ರ ಕೇಳುವುದಕ್ಕಿಂತ ಆಳ ಹೆಚ್ಚಾದರೆ ಬಟ್ಟಲಿಗೆ ಬರೀ ನೀರು ಉಕ್ಕುತ್ತದೆ. ಕಡಿಮೆಯಾದರೆ ನೊರೆ ಮೇಲೇರುವುದೇ ಇಲ್ಲ. ಆಳ ದಿನದಿನಕ್ಕೆ ಬದಲಾಗದಂತೆ ಸಂಪಿನೊಳಗೊಂದು ಅಡ್ಡಗೋಡೆ ಇರಲಿ.

ಬಾವಿ ನೀರಿನಲ್ಲಿ ಗೋಲ್ಡ್‌ಫಿಶ್ ಸಾಕಿದವರಿಗೆ ಈ ಖರ್ಚು ದಂಡ. ಸಿಹಿನೀರಿನಲ್ಲಿ ಗುಳ್ಳೆಗಳು ಬೇಗ ಕೂಡಿಕೊಂಡು ದಪ್ಪವಾಗುತ್ತವೆ. ಉಪ್ಪು ಇದನ್ನು ತಡೆಯುತ್ತದೆ. ಎರಡು ಬಾಟಲಿಗಳಲ್ಲಿ ಸಿಹಿನೀರು, ಉಪ್ಪುನೀರು ತುಂಬಿ ಕುಲುಕಿ ನೋಡಿ. ಹಾಗಾದರೆ ಹಳ್ಳದಲ್ಲಿ ನೊರೆ ಹೇಗೆ? ಅಲ್ಲಿ ಎಲೆಯ ಸಾರವೂ ಹೇರಳ, ಧುಮುಕುವ ರಭಸವೂ ಹೇರಳ. ಜೋಗದಲ್ಲಂತೂ 253 ಮೀಟರ್!

ಇನ್ನು ಹವಳ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಇದೆ, ಆದರೆ ತುಂಡನ್ನೂ ಕೀಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಲ್ಲುಹವಳ ಇರುವುದು ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಜೊತೆಗೇ.