ಹಳೇ ಮನೆಗೆ ಹೊಸ ಬಣ್ಣ

ಅಮೆರಿಕದಲ್ಲಿ ರ‍್ಯಾಂಚ್ ಎಂದರೆ ದನ, ಕುದುರೆ ಸಾಕುವ ವಿಶಾಲವಾದ ಜಮೀನು. ಅಂಥ ಕಡೆಯ ಮನೆಗಳನ್ನು ನೋಡಿ ಊರೊಳಗೆ ಕಟ್ಟಿದ ಮನೆಗಳಿಗೂ ರ‍್ಯಾಂಚ್ ಮನೆ ಎಂದೇ ಹೆಸರು ಬಿತ್ತು. ಮಹಡಿ ಇರುವುದಿಲ್ಲ. ಉದ್ದಕ್ಕೆ ಹಬ್ಬಿದ ಗೋಡೆ, ತಗ್ಗಾದ ಮಾಡು, ಮುಂದಕ್ಕೆ ಚಾಚಿದ ಸೂರು, ಮನೆಗೇ ಸೇರಿಕೊಂಡ ಗ್ಯಾರೇಜು. 1930ರ ದಶಕದಲ್ಲಿ ಕ್ಲಿಫ್ ಮೇ ಎಂಬುವರು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಇಂಥ ಮನೆಗಳನ್ನು ಕಟ್ಟಿದರು. ಎರಡನೇ ಮಹಾಯುದ್ಧದ ನಂತರ ದೇಶದ ತುಂಬ ಲಕ್ಷಗಟ್ಟಲೆ ಎದ್ದವು.

ಸ್ಯಾನ್ ಹೋಸೆಯಲ್ಲಿ ನನ್ನ ಮಗಳು ಕೊಂಡಿರುವುದು 1958ರಲ್ಲಿ ಕಟ್ಟಿದ ಅಂಥದೇ ಮನೆ. ಹೋದ ಬೇಸಿಗೆಯಲ್ಲಿ ನಾವು ಅಲ್ಲಿದ್ದಾಗ ಹೊರಗೋಡೆಗೆ ಬಣ್ಣ ಹೊಡೆಸುವ ಮಾತು ಬಂತು. ನಾಲ್ಕನೇ ಕ್ಲಾಸಿನ ಮೊಮ್ಮಗಳಿಗೆ ನೇರಳೆ ಬೇಕು. ಅಳಿಯಂದಿರಿಗೆ ಈಗಿನ ಫ್ಯಾಷನ್ನಿನ ಕಡು ಬೂದು. ನನ್ನಾಕೆಗೆ ಮೈಸೂರಿನ ನಮ್ಮ ಮನೆಯ ಹಾಗೆ ಕೆನೆಹಳದಿ. ಮಗಳು ಶೇಡ್ ಕಾರ್ಡುಗಳ ಕಂತೆಯನ್ನು ನನ್ನ ಮುಂದಿಟ್ಟು, "ಅಪ್ಪಾ, ನೀವೇ ಲೆಕ್ಕ ಹಾಕಿ ಹೇಳಿ" ಎಂದಳು. 34 ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ಲೆಕ್ಕವೆಂದರೆ ಸಂತೋಷವೇ.

ಹೊಸ ಬಣ್ಣಕ್ಕಿಂತ ಮೊದಲು ಹಳೇ ಬಣ್ಣವನ್ನು ನೋಡಬೇಕು. ಹಿಂದೆ ಬಣ್ಣ ಬೇಗ ಒಣಗಲಿ, ಬಹಳ ಕಾಲ ಬಾಳಲಿ ಎಂದು ಅದರಲ್ಲಿ ಸೀಸ ಬೆರೆಸುತ್ತಿದ್ದರು. ಮನೆಗಳಿಗೆ ಅಂಥ ಬಣ್ಣ ಬಳಸುವುದನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಒಣ ಬಣ್ಣವನ್ನು ಕೆರೆದರೆ ಸೀಸದ ಪುಡಿ ಏಳುತ್ತದೆ, ಮಣ್ಣಿಗೆ ಸೇರುತ್ತದೆ. ಮಣ್ಣಲ್ಲಾಡಿದ ಮಗು ಕೈ ಬಾಯಿಗಿಟ್ಟರೆ ಹೊಟ್ಟೆ ಸೇರುತ್ತದೆ. ಎಳೆಯ ಮಕ್ಕಳ ಮಿದುಳಿಗೆ, ಕಲಿಯುವ ಶಕ್ತಿಗೆ ಅದು ದೊಡ್ಡ ಪೆಟ್ಟು. ಆ ಮನೆಯಲ್ಲಿ ಎರಡು ವರ್ಷದ ಮೊಮ್ಮಗನೂ ಇದ್ದಾನೆ. ಅವನಿಗೆ ಅಂಗಳದ ಮಣ್ಣೇ ಆಟದ ಸಾಮಾನು.

ಅಳಿಯಂದಿರು ಶನಿವಾರ, ಭಾನುವಾರ ತಾವೇ ಗೋಡೆ ಕೆರೆದುಬಿಡುವ ಯೋಚನೆಯಲ್ಲಿದ್ದರು. ಮೊದಲು ಬಣ್ಣದ ಚಕ್ಕೆಗಳನ್ನು ಪ್ರಯೋಗಾಲಯಕ್ಕೆ ಕಳಿಸೋಣ ಎಂದೆ. ಕಿಟಕಿ ಚೌಕಟ್ಟಿನ ಚಕ್ಕೆಯಲ್ಲಿ ಸೀಸ ಇತ್ತು! ಇಂಥ ಕೆಲಸಕ್ಕೆಂದೇ ಸರ್ಟಿಫಿಕೇಟ್ ಪಡೆದ ಪೇಂಟರನ್ನು ಕರೆಸಿದೆವು. ಅವರು ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಒದ್ದೆ ಮಾಡಿ ಕೆರೆದರು. ಎರಡು ದಿನ ಹೆಚ್ಚು ಹಿಡಿಯಿತು, ಹಣವೂ ಹೆಚ್ಚಾಯಿತು. ಅಷ್ಟೂ ದಿನ ಕಿಟಕಿ ಮುಚ್ಚಿ ಮಕ್ಕಳನ್ನು ಒಳಗೇ ಆಡಿಸಿದೆವು.

ಆಮೇಲೆ ಬಣ್ಣದ ಆಯ್ಕೆ. ಬದಲಾಗದ ವಸ್ತುಗಳನ್ನು ಮೊದಲು ಪಟ್ಟಿ ಮಾಡಿದೆ: ಕಂದು ಮಾಡು, ಕಿಟಕಿಯ ಕೆಳಗಿನ ಕೆಂಪು ಇಟ್ಟಿಗೆ, ಸಿಮೆಂಟಿನ ದಾರಿ. ಗೋಡೆಯ ಬಣ್ಣ ಇವುಗಳ ಜೊತೆ ಹೊಂದಿಕೊಂಡು ಸಂಸಾರ ಮಾಡಬೇಕು. ಅಂಗೈಯಗಲದ ಕಾರ್ಡನ್ನು ನಂಬಬಾರದು. ಬಿಸಿಲಿಗೆ ಬಣ್ಣ ತಿಳಿಯಾಗಿ ಕಾಣುತ್ತದೆ, ಸೂರಿನ ನೆರಳಲ್ಲಿ ಕಪ್ಪಾಗಿ ಕಾಣುತ್ತದೆ. ಎರಡಡಿಯ ಹಲಗೆಗಳಿಗೆ ಎರಡೆರಡು ಕೋಟ್ ಹೊಡೆದು, ನಾಲ್ಕೂ ಗೋಡೆಗೆ ಒರಗಿಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿದೆವು. ಬರೆದುಕೊಳ್ಳುವ ಕೆಲಸ ಮೊಮ್ಮಗಳದು.

ಕಡು ಬೂದು ಸೂರಿನಡಿ ಗವಿಯಂತಾಯಿತು. ಕಾರ್ಡಿನ ಹಿಂದೆ ಎಲ್‌ಆರ್‌ವಿ ಎಂಬ ಅಂಕಿ ಇರುತ್ತದೆ. ಬಣ್ಣ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದರ ಅಳತೆ. ಕಪ್ಪಿಗೆ 0, ಬಿಳಿಗೆ 100. ಅಂಕಿ ಕಡಿಮೆಯಾದಷ್ಟೂ ಗೋಡೆ ಬಿಸಿಲನ್ನು ಹೆಚ್ಚು ಹೀರುತ್ತದೆ. ಕೆನೆಹಳದಿ ಬಿಸಿಲಲ್ಲಿ ಕಣ್ಣು ಕುಕ್ಕಿತು. ನೇರಳೆ ಇಟ್ಟಿಗೆಯ ಜೊತೆ ಜಗಳಕ್ಕೆ ನಿಂತಿತು. ಗೆದ್ದದ್ದು ಒಣಗಿದ ತುಳಸಿ ಎಲೆಯಂಥ ಮಾಸಲು ಹಸಿರು. ಗ್ಯಾರೇಜಿನ ಬಾಗಿಲಿಗೂ ಅದೇ ಬಣ್ಣ. ಬೇರೆ ಬಣ್ಣ ಕೊಟ್ಟರೆ ಉದ್ದದ ಮನೆ ತುಂಡಾದಂತೆ ಕಾಣುತ್ತದೆ, ಕಣ್ಣು ಗ್ಯಾರೇಜಿಗೇ ಹೋಗುತ್ತದೆ. ಕಿಟಕಿ ಅಂಚಿಗೆ ಅಜ್ಜಿಯ ಕೆನೆ ಬಣ್ಣ, ಇಟ್ಟಿಗೆಯಿಂದ ದೂರವಿದ್ದ ಮುಂಬಾಗಿಲಿಗೆ ಮೊಮ್ಮಗಳ ನೇರಳೆ. ಬೂದಿಗೆ ಜಾಗ ಸಿಗಲಿಲ್ಲ; ಅಳಿಯಂದಿರು ನಕ್ಕು ಸುಮ್ಮನಾದರು.

ಮಕ್ಕಳೇ, ಈಗ ನಿಮಗೊಂದು ಲೆಕ್ಕ. ಮನೆಯ ಸುತ್ತಳತೆ 180 ಅಡಿ, ಗೋಡೆಯ ಎತ್ತರ 8 ಅಡಿ. ಕಿಟಕಿ, ಬಾಗಿಲು, ಇಟ್ಟಿಗೆಗೆಂದು 340 ಚದರಡಿ ಕಳೆಯಿರಿ. ಎರಡು ಕೋಟ್ ಬೇಕು. ಒಂದು ಗ್ಯಾಲನ್ ಬಣ್ಣ 350 ಚದರಡಿಗೆ ಸಾಕು. ಎಷ್ಟು ಗ್ಯಾಲನ್ ಕೊಳ್ಳಬೇಕು? ಏಳು ಎಂದು ಬಂದರೆ ಸರಿ. ಗ್ಯಾಲನ್ನಿಗೆ ಸುಮಾರು 3.8 ಲೀಟರಿನಂತೆ 26 ಲೀಟರಿಗಿಂತ ತುಸು ಹೆಚ್ಚು.

ಅಜ್ಜ ಅಜ್ಜಿಯರಿಗೂ ಒಂದು ಮಾತು. ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ. ಅದಕ್ಕೂ ಹಿಂದೆ ಬಳಿದ ಬಣ್ಣ ನಮ್ಮ ಹಳೇ ಕಿಟಕಿ, ಬಾಗಿಲು, ಗೇಟುಗಳ ಮೇಲೆ ಇನ್ನೂ ಇದೆ. ಈ ಹಬ್ಬಕ್ಕೆ ಬಣ್ಣ ಹೊಡೆಸುವುದಾದರೆ ಒಣಗಿದ್ದಾಗ ಕೆರೆಸಬೇಡಿ, ಒದ್ದೆ ಮಾಡಿ ಕೆರೆಸಿ. ಚಕ್ಕೆಗಳನ್ನು ಗುಡಿಸಿ ಗಿಡದ ಬುಡಕ್ಕೆ ಹಾಕಬೇಡಿ. ಕೆಲಸ ಮುಗಿದು, ನೆಲ ಒರೆಸಿದ ಮೇಲೆಯೇ ಮೊಮ್ಮಕ್ಕಳನ್ನು ಅಂಗಳಕ್ಕೆ ಬಿಡಿ.