ಹೂವಾಗಿ ಬಂತು, ಕಾಡನ್ನೇ ನುಂಗಿತು!

ಚಾಮರಾಜನಗರ: ಬಿಳಿಗಿರಿರಂಗನ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗುವ ಭಕ್ತಾದಿಗಳ ಕಣ್ಣಿಗೆ ಕಾಡು ಹಸಿರಾಗಿಯೇ ಕಾಣುತ್ತದೆ. ರಸ್ತೆ ಬದಿಯಲ್ಲೆಲ್ಲ ಪೊದೆ, ಪೊದೆ ತುಂಬ ಕೆಂಪು, ಹಳದಿ, ಗುಲಾಬಿ ಹೂಗೊಂಚಲು. ‘ಎಷ್ಟು ಚೆಂದ!’ ಎನ್ನುತ್ತಾರೆ. ಆದರೆ ಆ ಹಸಿರು ಕಾಡಿನದ್ದಲ್ಲ. ಕಾಡನ್ನು ತಿಂದು ಕೊಬ್ಬಿದ ಲಂಟಾನದ್ದು!

ಇದರ ತವರು ಅಮೆರಿಕಾ ಖಂಡದ ಉಷ್ಣ ಸೀಮೆ. ಇಂಗ್ಲಿಷರು 1809ರ ಸುಮಾರಿಗೆ ಅಲಂಕಾರದ ಗಿಡವೆಂದು ಕಲ್ಕತ್ತದ ಸಸ್ಯತೋಟಕ್ಕೆ ತಂದರು. ಬೇಲಿಗೆ ನೆಟ್ಟ ಗಿಡ ಬೇಲಿ ಹಾರಿತು. ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸಿದ ಕಡೆಯೆಲ್ಲ ಬಿಡಾರ ಹೂಡಿತು. ದೇಶದಲ್ಲಿ ಹುಲಿಗಳಿರುವ ಕಾಡಿನ ಶೇ. 40ಕ್ಕೂ ಹೆಚ್ಚು ಭಾಗ ಇದರ ಪಾಲಾಗಿದೆ ಎಂದು 2020ರ ಒಂದು ಅಧ್ಯಯನ ಹೇಳಿದೆ. ಬಿಳಿಗಿರಿ ಬೆಟ್ಟದಲ್ಲಿ ಸಂಶೋಧಕರು ಪರೀಕ್ಷಿಸಿದ ತಾಕುಗಳ ಪೈಕಿ 1997ರಲ್ಲಿ ಶೇ. 41ರಲ್ಲಿ ಲಂಟಾನವಿತ್ತು. 2008ರ ಹೊತ್ತಿಗೆ ಅದು ಶೇ. 81ಕ್ಕೆ ಏರಿತ್ತು!

ಇದರಿಂದ ನಷ್ಟವೇನು? ಪೊದೆ ದಟ್ಟವಾದರೆ ನೆಲಕ್ಕೆ ಬಿಸಿಲು ಬೀಳದು. ಹುಲ್ಲು ಸಾಯುತ್ತದೆ. ಮರದ ಬೀಜ ಮೊಳೆತರೂ ಸಸಿ ಮೇಲೇಳದು. ಎಲೆಯೋ ವಿಷ. ತಿಂದ ದನಕ್ಕೆ ಕಾಮಾಲೆ ಗ್ಯಾರಂಟಿ. ಹುಲ್ಲಿಲ್ಲದ ಕಾಡಿನಲ್ಲಿ ಜಿಂಕೆ, ಕಡವೆ, ಕಾಟಿ ಏನು ಮೇಯಬೇಕು? ಆನೆ ಹೊಲದ ಕಡೆ ಮುಖ ಮಾಡಿದರೆ ತಪ್ಪು ಯಾರದು?

ತರಗು ಬೆಂಕಿಯ ಕಥೆ

ಸೋಲಿಗರದು ಬೇರೆಯೇ ಮಾತು. ಹಿಂದೆ ಅವರು ಬೇಸಿಗೆ ಏರುವ ಮುಂಚೆಯೇ ಒಣಗಿದ ಎಲೆಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಇದೇ ‘ತರಗು ಬೆಂಕಿ’. ನೆಲದ ತರಗು ಉರಿದು ತಣ್ಣಗಾಗುತ್ತಿತ್ತು. ದೊಡ್ಡ ಮರಕ್ಕೆ ಅಪಾಯವಿರಲಿಲ್ಲ. ಮಳೆ ಬಿದ್ದರೆ ಹುಲ್ಲು ಚಿಗುರುತ್ತಿತ್ತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ತರಗು ಬೆಂಕಿ ನಿಂತಿತು. ಅಲ್ಲಿಂದಲೇ ಲಂಟಾನಕ್ಕೆ ಸುಗ್ಗಿ, ನೆಲ್ಲಿಮರಕ್ಕೆ ಬದನಿಕೆ ಕಾಟ ಎನ್ನುತ್ತಾರೆ ಸೋಲಿಗರು. ಈ ಮಾತಲ್ಲಿ ಹುರುಳಿದೆ ಎಂದು ಓದಿದ ಸಂಶೋಧಕರೂ ಒಪ್ಪಿ ಬರೆದಿದ್ದಾರೆ.

ಹಾಗಂತ ಈಗ ಕಡ್ಡಿ ಗೀರಿದರೆ ಆಯಿತೇ? ಖಂಡಿತ ಇಲ್ಲ. ಈಗ ನೆಲದ ಮೇಲಿರುವುದು ಬರೀ ತರಗಲ್ಲ, ಆಳೆತ್ತರದ ಸೌದೆ. ಬೆಂಕಿ ಬಿದ್ದರೆ ಮರದ ತುದಿಗೇ ಏರುತ್ತದೆ. ಮರ ಸುಟ್ಟರೂ ಲಂಟಾನ ಬುಡದಿಂದ ಮತ್ತೆ ಚಿಗುರಿ ನಗುತ್ತದೆ!

ಕತ್ತಿ ಸಾಲದು, ಗುದ್ದಲಿ ಬೇಕು

ಮೇಲೆ ಮೇಲೆ ಸವರಿ ಬಿಲ್ಲು ಮಾಡಿಕೊಂಡರೆ ದುಡ್ಡು ನೀರಿಗೆ ಹಾಕಿದ ಹಾಗೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ತೋರಿಸಿಕೊಟ್ಟ ದಾರಿ ಸರಳವಾಗಿದೆ. ಬೇರು ಶುರುವಾಗುವ ಜಾಗದ ಕೆಳಗೆ ಕಡಿದು, ಗಿಡವನ್ನು ತಲೆಕೆಳಗು ಮಾಡಿ ಒಣಗಿಸಬೇಕು. ಆಮೇಲೂ ಹುಟ್ಟುವ ಸಸಿಗಳನ್ನು ವರ್ಷ ವರ್ಷ ಕೀಳಬೇಕು. ಖಾಲಿಯಾದ ನೆಲದಲ್ಲಿ ನಾಡಹುಲ್ಲು ಬೆಳೆಸಬೇಕು. ಇಲ್ಲದಿದ್ದರೆ ಕಿತ್ತ ಜಾಗಕ್ಕೆ ಮತ್ತೆ ಅದೇ ಬರುತ್ತದೆ.

ಪಕ್ಕದ ಮಲೆ ಮಹದೇಶ್ವರ ಬೆಟ್ಟದಲ್ಲಿ 2004ರಿಂದ ಇದೇ ಲಂಟಾನದ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಬುಟ್ಟಿ ಮಾಡುವ ಕೆಲಸ ನಡೆದು ಸೋಲಿಗರ ಕೈಗೆ ನಾಲ್ಕು ಕಾಸು ಸಿಕ್ಕಿದೆ. ಆದರೆ ಕುರ್ಚಿ ಮಾಡಿ ಕಾಡು ಖಾಲಿ ಮಾಡಲು ಸಾಧ್ಯವೇ? ಅದು ಹೊಟ್ಟೆಪಾಡಿಗೆ ಆಸರೆ, ಅಷ್ಟೆ.

2011ರಲ್ಲಿ ಬಿಳಿಗಿರಿ ಬೆಟ್ಟ ಹುಲಿ ಮೀಸಲು ಕಾಡಾಯಿತು. ಅದೇ ವರ್ಷ ಅಲ್ಲಿನ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಪೊದೆ ಕೀಳುವ ಕೂಲಿಗೆ ನೆನಪಾಗುವ ಸೋಲಿಗ, ಕಾಡಿನ ಯೋಜನೆ ಬರೆಯುವಾಗ ಮರೆತುಹೋಗಬಾರದು. ಹಕ್ಕುಪತ್ರ ಕೊಟ್ಟ ಸರ್ಕಾರ ಅವರ ಮಾತಿಗೆ ಕಿವಿಯನ್ನೂ ಕೊಡಲಿ.